ಯಾವ ಎಣ್ಣಿ?

ನಾನು ಸಾಲೆ ಬಿಟ್ಟದ್ದು ಸಾವಿರದ ಒಂಬೈನೂರಾ ಎಪ್ಪತ್ತೊಂದರಲ್ಲಿ, ಏಳನೇ ಇಯತ್ತೆಯ ನಡುವೆ. ಮಾಸ್ತರರು ಹೊಡೆದರೆಂದಲ್ಲ, ಮನೆಯಲ್ಲಿ ಉಣ್ಣಲಿಕ್ಕೆ ಇರಲಿಲ್ಲವೆಂದೂ ಅಲ್ಲ. ಗಜೇಂದ್ರಗಡದ ಗುಡ್ಡದ ಕೆಳಗೆ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಹೊಟ್ಟೆ ಬಿಚ್ಚಿ ಕರುಳನ್ನೆಲ್ಲ ಗೋಣಿತಟ್ಟಿನ ಮೇಲೆ ಹರವಿದ್ದರು. ಸಾಲೆಗೆ ಹೊರಟವನು ಅಲ್ಲೇ ಕೂತುಬಿಟ್ಟೆ. ಸಂಜೆ ಲಾರಿ ಎದ್ದು ಹೋದ ಮೇಲೆ ನೋಡಿದರೆ ನನ್ನ ಪಾಟಿಚೀಲ ಸುಟ್ಟ ಎಣ್ಣೆಯ ಡಬ್ಬಿಯೊಳಗೆ ಬಿದ್ದಿತ್ತು. ಅಪ್ಪ ಚೀಲ ಎತ್ತಿ ಹಿಂಡಿ ನೋಡಿದ. "ಪುಸ್ತಕ ಎಣ್ಣಿ ಕುಡದ ಮ್ಯಾಲೆ ಇನ್ನೇನ ಓದತೀಯೋ ರಾಜ್ಯಾ," ಅಂದು ಮರುದಿನ ಆ ಲಾರಿ ರಿಪೇರಿ ಮಾಡಿದ ಗ್ಯಾರೇಜಿಗೇ ಒಯ್ದು ಬಿಟ್ಟ.

ಅಂದಿನಿಂದ ನಲವತ್ತು ವರ್ಷಕ್ಕೂ ಮಿಕ್ಕಿ ಗಾಡಿಗಳ ಕೆಳಗೆ ಅಂಗಾತ ಮಲಗಿದೆ. ಗಜೇಂದ್ರಗಡದಲ್ಲಿ ಕಲಿತೆ, ರೋಣದಲ್ಲಿ ಸ್ವಂತ ಗ್ಯಾರೇಜು ಹಾಕಿದೆ, ನರಗುಂದದ ತನಕ ಹೆಸರು ಮಾಡಿದೆ. ರಾಜೇಸಾಬ ಮಿಸ್ತ್ರಿ ಅಂದರೆ ಮೂರೂ ಊರಿನಲ್ಲಿ ಮನೆ ತೋರಿಸುತ್ತಿದ್ದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಗಳಿಸಿದ ಹೆಸರು.

ಈಗ ಕೆಲಸಕ್ಕೆ ಬರುವ ಹುಡುಗರು ಗಾಡಿಗೆ ವಾಯರು ಚುಚ್ಚಿ ಪರದೆ ನೋಡುತ್ತಾರೆ. ಚಲೋ ಆಯಿತು, ಬೆನ್ನು ಉಳಿಯುತ್ತದೆ. ಆದರೆ ಪರದೆ ಬರುವ ಮೊದಲು ಹೊಗೆಯ ಕೆಲಸ ಹೇಗಿತ್ತು ಎಂಬುದನ್ನು ಅವರು ತಿಳಿದಿರಬೇಕು. ಮುಖ್ಯವಾಗಿ ನಾನು ಬರೆಯಬೇಕೆಂದದ್ದು ಒಂದು ಸಂಗತಿ: ರೋಣದ ಹೊರಗಿದ್ದ ಸುಭೇದಾರರ ಪೆಟ್ರೋಲ್ ಪಂಪಿಗೆ ಬೀಗ ಬೀಳುವುದು ಒಂದು ಮಾತಿನಲ್ಲಿ ತಪ್ಪಿದ್ದು. ಅದಕ್ಕೆ ಮುಂಚೆ ಎರಡು ಮೂರು ಸಣ್ಣ ಸಂಗತಿಗಳನ್ನು ಹೇಳದೆ ವಿಧಿಯಿಲ್ಲ.

ಗಜೇಂದ್ರಗಡದ ಗ್ಯಾರೇಜಿನಲ್ಲಿ ಕೆಲಸ ಕಲಿಸಿದ ನಮ್ಮ ಉಸ್ತಾದರದು ಮಾತು ಕಡಿಮೆ, ಪಾನಾ ಹೆಚ್ಚು. ತಪ್ಪು ಮಾಡಿದರೆ ನಟ್ಟು ಬಿಚ್ಚುವ ಆ ಪಾನಾದಿಂದಲೇ ಗೆಣ್ಣಿಗೆ ಒಂದು. ಗಾಡಿ ಬಂದರೆ ಅವರು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ, ಹಿಂದೆ ಹೋಗಿ ಸೈಲೆನ್ಸರಿನ ಎದುರು ಕುಕ್ಕರಗಾಲಲ್ಲಿ ಕೂಡುತ್ತಿದ್ದರು. ಅಂಗೈಯನ್ನು ಹೊಗೆಗೆ ಒಡ್ಡಿ, ಮೂಗಿನ ಹತ್ತಿರ ತಂದು ಮೂಸಿ, ರೋಗ ಹೇಳುತ್ತಿದ್ದರು. ಕರಿ ಹೊಗೆಯಾದರೆ ಗಾಳಿ ಸಾಲದು, ನೀಲಿಯಾದರೆ ಒಳಗೆ ಆಯಿಲ್ ಸುಡುತ್ತಿದೆ, ಬಿಳಿ ನಿಲ್ಲದೆ ಬಂದರೆ ನೀರು ಸೇರಿದೆ. ಅವರು ನನಗೆ ಬಿಟ್ಟುಹೋದ ಆಸ್ತಿ ಒಂದೇ ಮಾತು: "ಬಾಯಾಗ ಹೋದದ್ದ ಬಾಲದಾಗ ಬರತೈತಿ. ಬಾಲಕ್ಕ ಬಯ್ಯೂಕಿಂತ ಮೊದಲ ಬಾಯಿ ನೋಡು."

ಎರಡು ಸಾವಿರದ ಇಸವಿಯ ಹೊತ್ತಿಗೆ ಪೆಟ್ರೋಲಿನಿಂದ ಸೀಸ ತೆಗೆದರು, ಹೊಸ ಕಾರುಗಳ ಹೊಟ್ಟೆಯ ಕೆಳಗೆ ಒಂದು ಹೊಸ ಡಬ್ಬಿ ಬಂತು, ಎಲ್ಲ ಗಾಡಿಗೂ ಹೊಗೆ ತಪಾಸಣೆಯ ಚೀಟಿ ಬೇಕೆಂದಾಯಿತು. ನಾನೂ ಒಂದು ತಪಾಸಣೆ ಯಂತ್ರ ತಂದೆ. ಅದನ್ನು ಕಲಿಯಲು ಹುಬ್ಬಳ್ಳಿಗೆ ಹೋದಾಗ ಅಲ್ಲಿ ಕೂತವರಲ್ಲಿ ನಾನೇ ಹಿರಿಯ. ಕಲಿಸುವಾಕೆ ಒಬ್ಬ ಎಂಜಿನಿಯರ್ ಹುಡುಗಿ, ನನ್ನ ಮಗಳ ಓರಗೆಯವಳು. ನಾನು ಎದ್ದು ನಿಂತು, "ಮೇಡಂ, ನನಗ ಯಂತ್ರ ಯಾಕ ಬೇಕು? ನಾ ಮೂಸಿ ಹೇಳತೀನಿ," ಅಂದೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

"ಚಾಚಾ, ನಿಮ್ಮ ಮೂಗು ಚಲೋ ಇರಬೇಕ್ರಿ. ಆದ್ರ ಮನಶ್ಯಾನ್ನ ಕೊಲ್ಲೂ ಗಾಳಿ ಐತಲ್ಲ, ಅದಕ್ಕ ವಾಸನಿನೂ ಇಲ್ಲ, ಬಣ್ಣಾನೂ ಇಲ್ಲ. ಮುಚ್ಚಿದ ಶೆಡ್ಡಿನ್ಯಾಗ ಎಂಜಿನ್ ಚಾಲೂ ಇಟ್ಟು ಮೂಸಕೋತ ಕುಂತ್ರ, ಮೂಗು ಏನೂ ಇಲ್ಲ ಅಂತ ಹೇಳಕೋತನ ನೀವು ಮಕ್ಕೊಂಡಬಿಡ್ತೀರಿ."

ನಾನು ಕೂತೆ. ಉಸ್ತಾದರ ಗ್ಯಾರೇಜಿನಲ್ಲಿ ಬಾಗಿಲು ಮುಚ್ಚಿ ದುಡಿಯುವ ಚಳಿಗಾಲ ಬಂದಾಗಲೆಲ್ಲ ನಮಗೆ ಏಕೆ ತಲೆನೋವು ಬರುತ್ತಿತ್ತು ಎಂಬುದು ಆ ದಿನ ತಿಳಿಯಿತು. ಆಕೆ ನನಗೆ ಸೋಸುವ ಕಾಗದದ ಒಂದು ಕಟ್ಟನ್ನೂ ಕೊಟ್ಟಳು. ಅದರ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ, ಶುದ್ಧವಾಗಿದ್ದರೆ ಎರಡು ನಿಮಿಷದಲ್ಲಿ ಆರಿ ಕಾಗದ ಮೊದಲಿನಂತಾಗುತ್ತದೆ. ಬೇರೆ ಏನಾದರೂ ಬೆರೆತಿದ್ದರೆ ಕಲೆ ಉಳಿಯುತ್ತದೆ.

ಯಂತ್ರವನ್ನು ವ್ಯಾನಿನಲ್ಲಿ ಹಾಕಿಕೊಂಡು ಮೊದಲ ದಿನ ನರಗುಂದಕ್ಕೆ ಹೋದೆ. ಹತ್ತಿಯ ಸುಗ್ಗಿ, ಲಾರಿಗಳ ಗದ್ದಲ. ಒಂದು ಜೀಪಿನ ಸೈಲೆನ್ಸರಿಗೆ ನಳಿಕೆ ಇಟ್ಟೆ. ಅಂಕಿ ಸೊನ್ನೆ. ಇಷ್ಟು ಚಲೋ ಎಂಜಿನ್ನನ್ನು ನಾನು ಜನ್ಮದಲ್ಲಿ ನೋಡಿಲ್ಲ ಅಂತ ಸುತ್ತ ನಿಂತವರಿಗೆಲ್ಲ ಹೇಳಿ, ಸಹಿ ಹಾಕಿ, ಚೀಟಿ ಹರಿದು ಕೊಟ್ಟೆ. ಚಾಲಕ ಅದನ್ನು ಕಿಸೆಯಲ್ಲಿಟ್ಟುಕೊಂಡು, "ಮಿಸ್ತ್ರಿ, ಎಂಜಿನ್ ಚಾಲೂ ಮಾಡಲ್ಯಾ ಈಗ?" ಅಂದ. ಆ ಚೀಟಿ ವಾಪಸು ಇಸಿದುಕೊಳ್ಳಲು ನನಗೆ ಎರಡು ಚಹಾ ಬಿತ್ತು. ನರಗುಂದದಲ್ಲಿ ಹಳಬರು ಈಗಲೂ ನನ್ನನ್ನು ಕಂಡರೆ, "ಮಿಸ್ತ್ರಿ, ಚಾಲೂ ಮಾಡಲ್ಯಾ?" ಅಂತಲೇ ಮಾತು ತೆಗೆಯುವುದು.

ಇನ್ನು ಆ ಹೊಸ ಡಬ್ಬಿಯ ಮಾತು. ಕಂಪನಿಯವರು ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನುತ್ತಾರೆ. ನಮ್ಮ ಭಾಗದಲ್ಲಿ ಅದು 'ಜೇನುಹುಟ್ಟು' ಆದದ್ದು ಮುಶಿಗೇರಿಯ ದಾರಿಯಲ್ಲಿ. ನಮ್ಮ ರೈತರಿಗೆ ಒಂದು ರೂಢಿಯುಂಟು. ಹುರುಳಿಯನ್ನು ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಓಡಾಡಿದರೆ ಸಂಜೆಗೆ ಕಾಳು ಬೇರೆ, ಹೊಟ್ಟು ಬೇರೆ. ಗಾಡಿಯವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ದಿನ ಬ್ಯಾಂಕಿನ ಮ್ಯಾನೇಜರರು ಹೊಸ ಕಾರಿನಲ್ಲಿ ಆ ಹುರುಳಿಯ ಮೇಲೆ ಬಂದರು. ಬಳ್ಳಿ ಕಾರಿನ ಹೊಟ್ಟೆಗೆ ಸುತ್ತಿಕೊಂಡಿತು. ಆ ಡಬ್ಬಿ ಕೆಲಸ ಮಾಡುವಾಗ ರೊಟ್ಟಿಯ ಹಂಚಿಗಿಂತ ಹೆಚ್ಚು ಕಾದಿರುತ್ತದೆ. ಸ್ವಲ್ಪ ಹೊತ್ತಿಗೆ ಅಡಿಯಿಂದ ಹೊಗೆ ಎದ್ದಿತು. ರೈತ ಓಡಿಬಂದು ಕೊಡ ನೀರು ಸುರಿದ, ಬೆಂಕಿ ಆರಿತು. ಆದರೆ ಮರುದಿನದಿಂದ ಕಾರು ಮಕ್ಕಳ ಗಿಲಕಿಯ ಹಾಗೆ ಸದ್ದು ಮಾಡತೊಡಗಿತು.

ನಾನು ಡಬ್ಬಿ ಇಳಿಸಿ ಒಳಗೆ ತೋರಿಸಿದೆ. ಮಣ್ಣಿನ ಪಾತ್ರೆಯಂಥ ವಸ್ತುವಿನ ಒಂದು ದಿಂಡು, ಅದರಲ್ಲಿ ಸಾವಿರ ಸಣ್ಣ ತೂತು, ತೂತಿನ ಗೋಡೆಗೆ ಬೆಳ್ಳಿಗಿಂತ ತುಟ್ಟಿಯಾದ ಧಾತುವಿನ ಲೇಪ. ಹೊಗೆ ಆ ತೂತುಗಳಲ್ಲಿ ಹಾಯುವಾಗ ಅದರ ವಿಷ ಸುಟ್ಟು ಹೋಗುತ್ತದೆ. ಕಾದ ದಿಂಡಿಗೆ ತಣ್ಣೀರು ಬಿದ್ದು ಸೀಳು ಬಿಟ್ಟಿತ್ತು, ಅದೇ ಗಿಲಕಿ. ನೋಡಲು ಬಂದಿದ್ದ ಆ ರೈತ ಬಗ್ಗಿ, "ಏ ಇದು ಜೇನಹುಟ್ಟ ಐತಲ್ರಿ," ಅಂದ. ಆಮೇಲೆ ಮ್ಯಾನೇಜರರ ಕಡೆ ತಿರುಗಿ, "ನೋಡ್ರಿ ಸಾಹೇಬ್ರ, ಜೇನು ಕಟ್ಟಿದ ಗಾಡಿ ತಗೊಂಡ ಹುರಳ್ಯಾಗ ಯಾಕ ಬಂದ್ರಿ," ಅಂತ ತಾನೇ ಗದರಿದ. ಮ್ಯಾನೇಜರರು ನಗುವ ಮನುಷ್ಯ. ಹೊಸ ಜೇನು ಹಾಕಿಸಿಕೊಂಡರು, ಅದೇ ರೈತನ ಹುರುಳಿಯನ್ನೂ ಕೊಂಡು ಒಯ್ದರು.

ಈಗ ಸುಭೇದಾರರ ಪಂಪಿನ ಮಾತಿಗೆ ಬರುತ್ತೇನೆ.

ಸುಭೇದಾರರು ಫೌಜಿನಿಂದ ನಿವೃತ್ತರಾಗಿ ಬಂದು ರೋಣದ ಹೊರಗೆ ನರಗುಂದದ ದಾರಿಯಲ್ಲಿ ಪಂಪು ನಡೆಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಿರುವಿದ ಮೀಸೆ. ಪಂಪಿನ ಅಂಗಳದಲ್ಲಿ ಒಂದು ಬೀಡಿ ತುಂಡು ಬಿದ್ದರೆ ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು. ಅವರ ಪೆಟ್ರೋಲಿನಲ್ಲಿ ಬೆರಕೆಯಿದೆ ಅಂತ ಯಾರಾದರೂ ಅಂದರೆ ಮೊದಲು ನಾನೇ ಜಗಳಕ್ಕೆ ಹೋಗುತ್ತಿದ್ದೆ.

ಆದರೆ ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಹಾಗೆ ಅನ್ನುವವರು ಹುಟ್ಟಿಕೊಂಡರು. ಯಾವಗಲ್ಲಿನ ಯಲ್ಲಪ್ಪ ಮತ್ತು ಬೆಳವಣಕಿಯ ಮೂವರು, ರೋಣಕ್ಕೆ ಜನರನ್ನು ಸಾಗಿಸುವ ಪೆಟ್ರೋಲ್ ವ್ಯಾನುಗಳವರು, ಒಬ್ಬರ ಹಿಂದೊಬ್ಬರು ನನ್ನ ತಪಾಸಣೆಯಲ್ಲಿ ನಾಪಾಸಾದರು. ಯಂತ್ರದಲ್ಲಿ ಸುಡದೆ ಉಳಿದ ಎಣ್ಣೆಯ ಅಂಕಿ ಮೇಲೇರಿ ನಿಲ್ಲುತ್ತಿತ್ತು. ಹಿಂದೆ ನೀಲಿ ಹೊಗೆ. ಪ್ಲಗ್ಗು ಬಿಚ್ಚಿದರೆ ತೊಯ್ದು ಕರಿಗಟ್ಟಿರುತ್ತಿತ್ತು. ವ್ಯಾನು ಏರು ಹತ್ತಲಾರದೆ ತಿಣುಕುತ್ತಿತ್ತು. ಯಲ್ಲಪ್ಪನ ವ್ಯಾನಿನ ಜೇನುಹುಟ್ಟು ತೆಗೆದು ಬೆಳಕಿಗೆ ಹಿಡಿದೆ. ಅರ್ಧ ತೂತುಗಳು ಮುಚ್ಚಿಹೋಗಿದ್ದವು.

ಯಲ್ಲಪ್ಪ ಹಿಂದೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಆ ಮೂವರೂ ಹಾಗೆಯೇ. ದೊಡ್ಡ ಗಂಟಲು, ದೊಡ್ಡ ಮನಸ್ಸು, ಕೈಯಲ್ಲಿ ಮೊದಲ ಸ್ವಂತ ಗಾಡಿ.

"ಮಿಸ್ತ್ರಿ, ಇದು ಸುಭೇದಾರಂದ ಕೆಲಸ. ನಾವು ನಾಕೂ ಮಂದಿ ಅಲ್ಲೇ ತುಂಬಸತೀವಿ. ಚಿಮಣಿ ಎಣ್ಣಿ ಬೆರಸ್ಯಾನ," ಅಂದ.

ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ. ರೇಶನ್ನಿನದು ನೀಲಿ ಬಣ್ಣದ್ದು, ಅಗ್ಗ. ಅದನ್ನು ಪೆಟ್ರೋಲಿಗೆ ಬೆರೆಸುವ ಪಂಪುಗಳ ಸುದ್ದಿ ಆಗ ಎಲ್ಲ ಕಡೆಯೂ ಇತ್ತು.

"ಬ್ಯಾಂಕಿನ ಮ್ಯಾನೇಜರೂ ಅಲ್ಲೇ ತುಂಬಸತಾರಲ್ಲೋ. ಗಜೇಂದ್ರಗಡದ ವ್ಯಾನಿನವರೂ ಅಲ್ಲೇ. ಅವರ ಗಾಡಿ ಹ್ಯಾಂಗ ಪಾಸಾದ್ವು?"

"ಕಾರಿನವರಿಗೆ ಚಲೋದು, ನಮಗ ಹೊಲಸು. ಮಾರಿ ನೋಡಿ ಮಣಿ ಹಾಕತಾನ ಅವ."

ಸೋಮವಾರ ಎಲ್ಲ ವ್ಯಾನಿನವರೂ ಪಂಪಿನ ಮುಂದೆ ಗಾಡಿ ಅಡ್ಡ ನಿಲ್ಲಿಸಿ, ಎಣ್ಣೆ ಕಂಪನಿಯವರನ್ನು ಕರೆಸಿ, ಬೀಗ ಹಾಕಿಸುವುದೆಂದು ಮಾತಾಯಿತು. ಶುಕ್ರವಾರ ನಾನು ನಮಾಜು ಮುಗಿಸಿ ಬರುವಷ್ಟರಲ್ಲಿ ಸುಭೇದಾರರು ನನ್ನ ಗ್ಯಾರೇಜಿನ ಮುಂದೆ ನೆಟ್ಟಗೆ ನಿಂತಿದ್ದರು. ಕುರ್ಚಿ ಕೊಟ್ಟರೆ ಕೂಡಲಿಲ್ಲ.

"ರಾಜೇಸಾಬ, ಚೀನಾ ಗಡಿಯೊಳಗ ಬರ್ಫಿನ್ಯಾಗ ನಿಂತೇನಿ. ಯಾರೂ ನನಗ ಕಳ್ಳ ಅಂದಿಲ್ಲ. ನಿನ್ನ ಮಿಶನ್ ತಗೊಂಡ ಬಂದು ನೋಡು. ನನ್ನ ಎಣ್ಣ್ಯಾಗ ಖೋಟ ಇದ್ರ ಸೋಮವಾರ ಅವರು ಬರೂದು ಬ್ಯಾಡ. ನಾನ ಬೀಗ ಹಾಕಿ ಕೀಲಿ ನಿನ್ನ ಕೈಯಾಗ ಕೊಡತೀನಿ."

"ಖೋಟ ಇಲ್ಲದಿದ್ರ?"

"ಇಲ್ಲದಿದ್ರ ಏನೈತಿ ಅಂತ ನೀ ಹೇಳಬೇಕು. ಬರೇ ಇಲ್ಲ ಅಂದ್ರ ಅವರು ನಂಬಂಗಿಲ್ಲ."

ಅವರು ಹೇಳಿದ್ದು ಖರೆ. ಶನಿವಾರ ಬೆಳಿಗ್ಗೆ ಪಂಪಿಗೆ ಹೋಗಿ ನಳಿಕೆಯಿಂದ ನೇರವಾಗಿ ಶೀಶೆಗೆ ಪೆಟ್ರೋಲ್ ಹಿಡಿದೆ. ಕಾಗದದ ಮೇಲೆ ಹನಿ ಬಿಟ್ಟೆ. ಎರಡು ನಿಮಿಷಕ್ಕೆ ಮಾಯ. ಪೆಟ್ರೋಲಿನ ಸಾಂದ್ರತೆ ಅಳೆಯುವ ತೂಕದ ಬುರುಡೆ ತೇಲಿಸಿ ನೋಡಿದೆ, ಅದೂ ಸರಿ. ಅಲ್ಲಿಂದ ಯಲ್ಲಪ್ಪನ ವ್ಯಾನಿನ ಟ್ಯಾಂಕಿನಿಂದ ತೆಗೆದು ಹನಿ ಬಿಟ್ಟೆ. ಕಲೆ ಉಳಿಯಿತು, ಅದೂ ನೀಲಿ ಕಲೆ.

ಯಲ್ಲಪ್ಪ ಆ ಕಾಗದವನ್ನು ಬಸ್‌ ಸ್ಟ್ಯಾಂಡಿನ ತುಂಬ ತೋರಿಸಿದ. "ನೀಲಿ ನೋಡ್ರಿ, ನೀಲಿ. ರೇಶನ್ ಅಂಗಡಿ ಮಾಲು. ನಿಮ್ಮ ಮುಂದ ಚಲೋದು ಬಿಡತಾನ ಮಿಸ್ತ್ರಿ, ನೀವು ಹ್ವಾದ ಮ್ಯಾಲೆ ನಮಗಿದು." ಕಾಗದವನ್ನು ಅವನ ಕೈಯಿಂದ ಇಸಿದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಜೈನಬಿ ಮೆಣಸಿನಕಾಯಿ ಭಜಿಗೆ ಹಿಟ್ಟು ಕಲಸಿ ಕೂತಿದ್ದಳು. "ಲಗೂ ಹೋಗಿ ಎಣ್ಣಿ ತಗೊಂಡ ಬರ್ರಿ," ಅಂದಳು. ತಲೆಯಲ್ಲಿ ಚಿಮಣಿ ಎಣ್ಣೆಯೇ ತುಂಬಿತ್ತು; ಕ್ಯಾನು ಹಿಡಿದು ಹೋಗಿ ಅದನ್ನೇ ತಂದು ಮುಂದಿಟ್ಟೆ. ಆಕೆ ಮುಚ್ಚಳ ತೆಗೆದು ಮೂಸಿದಳು.

"ಇದರಾಗ ಭಜಿ ಕರೀಲ್ಯಾ? ಕರದ ನಿಮಗ ಮೊದಲ ಹಾಕತೀನಿ."

"ಎಣ್ಣಿ ಅಂದೆಲ್ಲ."

"ಎಣ್ಣಿ ಅಂದೆ. ಒಲಿ ಮ್ಯಾಲೆ ಬಾಣಲಿ ಇಟ್ಟಕೊಂಡು ಎಣ್ಣಿ ಅಂದ್ರ ಕುಸುಬಿ ಎಣ್ಣಿ ಅಂತ ತಿಳೀಬೇಕು. ತಿಳೀದಿದ್ರ ಯಾವ ಎಣ್ಣಿ ಅಂತ ಬಾಯಿಬಿಟ್ಟ ಕೇಳಬೇಕು. ಮೂರೂರಿನ ಗಾಡಿ ಹೊಟ್ಟಿ ತಿಳೀತೈತಿ, ಮನ್ಯಾಗಿನ ಹೊಟ್ಟಿ ತಿಳೀವಲ್ದು."

ಪಕ್ಕದ ಮನೆಯಿಂದ ಕುಸುಬಿ ಎಣ್ಣೆ ತಂದು ಭಜಿ ಕರಿದಳು. ಹಳೆಯ ಪೇಪರಿನ ಮೇಲೆ ಹಾಕಿ ಕೊಟ್ಟಳು. ತಿಂದು ಮುಗಿದ ಮೇಲೆ ಆ ಪೇಪರು ನನ್ನ ಮುಂದೆಯೇ ಇತ್ತು, ಎಣ್ಣೆ ಹೀರಿ ಗಾಜಿನ ಹಾಗೆ ಪಾರದರ್ಶಕವಾಗಿತ್ತು. ಕಿಸೆಯಿಂದ ಯಲ್ಲಪ್ಪನ ಕಾಗದ ತೆಗೆದು ಪಕ್ಕದಲ್ಲಿ ಹಿಡಿದೆ. ಬೆಳಿಗ್ಗೆಯ ಹನಿ ಇನ್ನೂ ಹಾಗೆಯೇ ಇತ್ತು, ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಚಿಮಣಿ ಎಣ್ಣೆಯಾಗಿದ್ದರೆ ನಮ್ಮ ರೋಣದ ಬಿಸಿಲಿಗೆ ಯಾವಾಗಲೋ ಹಾರಿ, ಬಣ್ಣದ ನೆರಳಷ್ಟೇ ಉಳಿಯಬೇಕಿತ್ತು. ಇದು ಆರದ ಎಣ್ಣೆ, ದಪ್ಪ ಎಣ್ಣೆ. ಸುಭೇದಾರರ ನಳಿಕೆಯಲ್ಲಿ ಇಲ್ಲದ್ದು ಯಲ್ಲಪ್ಪನ ಟ್ಯಾಂಕಿನಲ್ಲಿ ಇದೆ ಅಂದರೆ, ಅದು ಆ ಎರಡರ ನಡುವೆ ಎಲ್ಲೋ ಸೇರುತ್ತಿದೆ. ಉಸ್ತಾದರು ಹೇಳಿದ ಹಾಗೆ ಬಾಯಿ ನೋಡಬೇಕು.

ಭಾನುವಾರ ಬೆಳಿಗ್ಗೆ ಹೋಗಿ ಪಂಪಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತೆ. ಸುಭೇದಾರರು ಒಳಗೆ ಗಾಜಿನ ಹಿಂದೆ. ಪೆಟ್ರೋಲ್ ಕಡೆ ನಿಂತವನು ನಿಂಗಪ್ಪ, ಐವತ್ತು ದಾಟಿದ ಮನುಷ್ಯ, ಸಂಕ್ರಾಂತಿಗೆ ಹೊಸದಾಗಿ ಕೆಲಸಕ್ಕೆ ಬಂದವನು. ಅದಕ್ಕೆ ಮುಂಚೆ ಬೇರೆ ಊರಿನಲ್ಲಿ ಲೂನಾ, ಸ್ಕೂಟರುಗಳ ಕಾಲದಿಂದ ಪಂಪಿನಲ್ಲಿ ದುಡಿದವನು. ಅಂಥ ಗಾಡಿಗಳಿಗೆ ಪೆಟ್ರೋಲಿನ ಜೊತೆ ಸ್ವಲ್ಪ ಆಯಿಲ್ ಬೆರೆಸಿಯೇ ಹಾಕಬೇಕು, ಇಲ್ಲದಿದ್ದರೆ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಅದಕ್ಕೆಂದೇ ಪ್ರತಿ ಪಂಪಿನಲ್ಲೂ ಕೈಯಿಂದ ಒತ್ತುವ ಒಂದು ಗಾಜಿನ ಬುರುಡೆಯ ಯಂತ್ರ ಇರುತ್ತಿತ್ತು. ಸುಭೇದಾರರಲ್ಲೂ ಇತ್ತು.

ಬ್ಯಾಂಕಿನ ಮ್ಯಾನೇಜರರು ಬಂದರು. "ಪೆಟ್ರೋಲ್ ಹಾಕಪ್ಪ," ಅಂದರು. ನಿಂಗಪ್ಪ ಪೆಟ್ರೋಲ್ ಹಾಕಿದ. ಗಜೇಂದ್ರಗಡದ ಒಂದು ವ್ಯಾನು ಬಂತು. "ಪೆಟ್ರೋಲ್ ಬಿಡ್ರಿ ಕಾಕಾ," ಅಂದ. ನಿಂಗಪ್ಪ ಪೆಟ್ರೋಲ್ ಬಿಟ್ಟ. ಆಮೇಲೆ ಧೂಳು, ನೀಲಿ ಹೊಗೆ ಎರಡನ್ನೂ ಎಬ್ಬಿಸುತ್ತ ಯಲ್ಲಪ್ಪ ಬಂದ. ಸೋಮವಾರ ಬೀಗ ಹಾಕಿಸುವವನು ಭಾನುವಾರ ಇಲ್ಲೇ ತುಂಬಿಸಲಿಕ್ಕೆ ಬಂದನಲ್ಲ ಅಂತ ನನಗೆ ನಗು ಬಂತು. ಗಾಡಿಯಿಂದ ಇಳಿಯಲಿಲ್ಲ. ಕಿಟಕಿಯಿಂದ ನೋಟು ಚಾಚಿ, "ನಿಂಗಪ್ಪಣ್ಣ, ನೂರ ರೂಪಾಯಿ ಎಣ್ಣಿ ಹಾಕೋ," ಅಂದು ಹಿಂದೆ ಕೂತವರ ಜೊತೆ ಮಾತಿಗೆ ತಿರುಗಿದ.

ನಿಂಗಪ್ಪ ಗಾಜಿನ ಬುರುಡೆಯ ಹತ್ತಿರ ಹೋದ. ಹಿಡಿಕೆ ಒತ್ತಿ ಅಳತೆಯ ಪಾತ್ರೆ ತುಂಬ ನೀಲಿ ಆಯಿಲ್ ಹಿಡಿದ. ತಂದು ವ್ಯಾನಿನ ಟ್ಯಾಂಕಿಗೆ ಒಂದು ಹನಿಯೂ ಹೊರಗೆ ಚೆಲ್ಲದಂತೆ ಸುರಿದ. ಆಮೇಲೆ ನೂರರಲ್ಲಿ ಉಳಿದದ್ದಕ್ಕೆ ಪೆಟ್ರೋಲ್ ಹಾಕಿದ.

ನಾನು ಎದ್ದು ಹೋದೆ. "ನಿಂಗಪ್ಪ, ಅದೇನ ಹಾಕಿದ್ಯೋ?"

"ಎಣ್ಣಿರಿ."

"ಯಾಕ?"

"ಎಣ್ಣಿ ಹಾಕು ಅಂದ್ರು, ಹಾಕಿದೆ. ನೀರ ಹಾಕಬೇಕಿತ್ತೇನ್ರಿ?"

ಯಲ್ಲಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದ. "ಏ, ಯಾವ ಎಣ್ಣಿ ಹಾಕಿದ್ಯೋ ನನ್ನ ಗಾಡಿಗೆ?"

"ನೀನ ಅಂದೆಲ್ಲೋ ಎಣ್ಣಿ ಅಂತ. ದಿನಾ ಅಂತಿ."

"ಎಣ್ಣಿ ಅಂದ್ರ ಪೆಟ್ರೋಲ!"

"ಪೆಟ್ರೋಲಿಗೆ ಪೆಟ್ರೋಲ ಅಂತಾರ. ಎಣ್ಣಿಗೆ ಎಣ್ಣಿ ಅಂತಾರ. ಕಾರಿನ ಸಾಹೇಬ್ರು ಪೆಟ್ರೋಲ ಅಂದ್ರು, ಅವರಿಗೆ ಬರೇ ಪೆಟ್ರೋಲ ಹಾಕಿದೆ. ನೀವು ನಾಕ ಮಂದಿ ಬಂದಾಗೊಮ್ಮೆ ಎಣ್ಣಿ ಅಂತೀರಿ. ನಾ ತಿಳದೆ, ಗಾಡಿ ಭಾಳ ಜ್ವಾಕಿ ಮಾಡ್ತಾರ ಇವರು ಅಂತ."

ನಾನು ಅಲ್ಲೇ ಪೆಟ್ರೋಲ್ ಪಂಪಿನ ಕಟ್ಟೆಗೆ ಕೂತುಬಿಟ್ಟೆ. ಮೂವತ್ತು ವರ್ಷ ಟ್ಯಾಂಕಿನ ಬಾಯಿ ನೋಡಿದವನಿಗೆ ಚಾಲಕನ ಬಾಯಿ ನೋಡಬೇಕು ಅಂತ ಹೊಳೆದಿರಲಿಲ್ಲ. ಟ್ರ್ಯಾಕ್ಟರಿನವರಿಗೆ ಡೀಸೆಲ್ ಅಂದರೆ ಎಣ್ಣೆ. ಡೀಸೆಲ್ ಕಡೆ ನಿಂತವನಿಗೂ ಅದು ಗೊತ್ತು, ಎಣ್ಣೆ ಅಂದರೆ ಡೀಸೆಲ್ ಹಾಕುತ್ತಾನೆ. ಯಲ್ಲಪ್ಪನವರು ಟ್ರ್ಯಾಕ್ಟರ್ ಬಿಟ್ಟು ವ್ಯಾನು ಹಿಡಿದರು, ನಾಲಿಗೆ ಟ್ರ್ಯಾಕ್ಟರಿನ ಮೇಲೆಯೇ ಉಳಿಯಿತು. ನಿಂಗಪ್ಪನಿಗೋ ಪೆಟ್ರೋಲ್ ಕಡೆ ಎಣ್ಣೆ ಅಂದರೆ ಅದೊಂದೇ ಎಣ್ಣೆ. ಮುಂಚೆ ಒಮ್ಮೆ ಒಬ್ಬ ಮಾಸ್ತರರ ಲೂನಾಕ್ಕೆ ಎಣ್ಣೆ ಮರೆತು ಎಂಜಿನ್ ಹಿಡಿದು, ಅವರು ಮಳೆಯಲ್ಲಿ ಅದನ್ನು ತಳ್ಳಿಕೊಂಡು ಹೋದದ್ದನ್ನು ನೋಡಿದ್ದನಂತೆ. ಅಂದಿನಿಂದ ಎಣ್ಣೆ ಅಂದವರಿಗೆ ಎಣ್ಣೆ ಹಾಕದೆ ಬಿಟ್ಟಿಲ್ಲ.

ಸುಭೇದಾರರು ಹೊರಗೆ ಬಂದರು. ಎಲ್ಲವನ್ನೂ ಕೇಳಿದರು. ಅವರ ಮುಖ ಒಂದು ಕ್ಷಣ ಹಗುರಾಯಿತು, ಮರುಕ್ಷಣ ಬಿಗಿಯಿತು. "ನಿಂಗಪ್ಪ, ನಾಳಿ ಹತ್ತಕ್ಕ ಎಲ್ಲಾರ ಮುಂದ ನಿಂದು ಫೈಸಲಾ," ಅಂದು ಒಳಗೆ ಹೋದರು. ನಿಂಗಪ್ಪ ಅಳತೆಯ ಪಾತ್ರೆಯನ್ನು ಒರೆಸುತ್ತ ನಿಂತ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಸೋಮವಾರ ಬಿಸಿಲು ಏರುವ ಮೊದಲೇ, ಭಾನುವಾರದ ಸಂಗತಿ ಇನ್ನೂ ಕೇಳದ ಉಳಿದ ವ್ಯಾನಿನವರು ಬಂದು ಗಾಡಿ ಅಡ್ಡ ನಿಲ್ಲಿಸಿದರು. ನಾನು ಯಲ್ಲಪ್ಪನ ಬಾನೆಟ್ಟಿನ ಮೇಲೆ ಮೂರು ಕಾಗದ ಇಟ್ಟು ಎಲ್ಲರನ್ನೂ ಹತ್ತಿರ ಕರೆದೆ. ಒಂದಕ್ಕೆ ಸುಭೇದಾರರ ನಳಿಕೆಯಿಂದ ಒಂದು ಹನಿ. ಎರಡನೆಯದಕ್ಕೆ ಜೈನಬಿ ವಾಪಸು ಕೊಟ್ಟ ಕ್ಯಾನಿನ ಚಿಮಣಿ ಎಣ್ಣೆ. ಮೂರನೆಯದಕ್ಕೆ ಯಲ್ಲಪ್ಪನ ಟ್ಯಾಂಕಿನದು. ಮೊದಲನೆಯದು ನೋಡುತ್ತಿದ್ದ ಹಾಗೆಯೇ ಹಾರಿತು. ಎರಡನೆಯದಕ್ಕೆ ತಡವಾಯಿತು, ಎರಡು ಸಲ ಚಹಾ ಆಯಿತು, ಯಾರೋ ಗಿರಮಿಟ್ಟು ತರಿಸಿದರು, ಬೀಗದ ಮಾತು ಬಿಟ್ಟು ಜನ ಯಾವ ಹನಿ ಗೆಲ್ಲುತ್ತದೆ ಅಂತ ಪಂಥ ಕಟ್ಟತೊಡಗಿದರು. ಕೊನೆಗೆ ಅದೂ ಆರಿತು. ಮೂರನೆಯದು ಆರಲಿಲ್ಲ. ಆಗ ಆ ಗಾಜಿನ ಬುರುಡೆಯಿಂದ ಒಂದು ಹನಿ ಅದರ ಪಕ್ಕದಲ್ಲೇ ಬಿಟ್ಟೆ. ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು.

ಏನಾಯಿತೆಂದು ಯಲ್ಲಪ್ಪನೇ ಹೇಳಿದ. ಹೇಳುವಾಗ ತನ್ನ ದನಿಯನ್ನೂ ನಿಂಗಪ್ಪನ ದನಿಯನ್ನೂ ಮಾಡಿ ತೋರಿಸಿದ. ಬೆಳವಣಕಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾನೂ ಎಣ್ಣಿ ಅಂತೀನಿ," ಅಂದ ಒಬ್ಬ ಮೆಲ್ಲಗೆ. ನಗು ಎದ್ದಿತು.

ಸುಭೇದಾರರು ನಗಲಿಲ್ಲ. "ನನ್ನ ಪಂಪಿನ ಹೆಸರ ಕೆಟ್ಟಿದ್ದು ಖರೆ. ಕೆಡಿಸಿದಾವ ನನ್ನ ಮನಶ್ಯಾನ. ಫೌಜಿನ್ಯಾಗ ಇದಕ್ಕ ಮಾಫಿ ಇಲ್ಲ. ನಿಂಗಪ್ಪ, ನಿನ್ನ ಕೆಲಸ..."

"ಏ ಸುಭೇದಾರ್ರ, ತಡೀರಿ," ಯಲ್ಲಪ್ಪ ಅಡ್ಡ ಬಂದ. ಮೊನ್ನೆಯ ತನಕ ಪಂಪಿಗೆ ಬೀಗ ಹಾಕಿಸಲು ಹೊರಟಿದ್ದವನು ಈಗ ನಿಂಗಪ್ಪನ ಮುಂದೆ ಕೈ ಚಾಚಿ ನಿಂತಿದ್ದ. "ಫೌಜಿನ್ಯಾಗ ಹುಕುಂ ಪಾಲಿಸಿದಾವ್ನ ತಗೀತಾರೇನ್ರಿ? ನಾ ಹುಕುಂ ಕೊಟ್ಟೆ, ಅವ ಮಾಡಿದ. ಹುಕುಂ ಖೋಟ, ಸಿಪಾಯಿ ಖೋಟ ಅಲ್ಲ."

ಸುಭೇದಾರರು ಮೀಸೆ ತಿರುವಿದರು. ನನ್ನ ಕಡೆ ನೋಡಿದರು.

"ನಮ್ಮನ್ಯಾಕಿ ಒಂದ ಮಾತ ಹೇಳ್ಯಾಳ್ರಿ," ಅಂದೆ ನಾನು. "ತಿಳೀದಿದ್ರ ಯಾವ ಎಣ್ಣಿ ಅಂತ ಬಾಯಿಬಿಟ್ಟ ಕೇಳಬೇಕಂತ."

ಸುಭೇದಾರರು ಪರೇಡಿನ ದನಿ ತೆಗೆದರು. "ನಿಂಗಪ್ಪ, ಸಾವಧಾನ್. ಇವತ್ತಿನಿಂದ ಲೂನಾ ಬರಲಿ, ಲಾಟಸಾಹೇಬನ ಕಾರ ಬರಲಿ, ಮೊದಲ ಏನ ಕೇಳತೀ?"

ನಿಂಗಪ್ಪ ಪಾತ್ರೆ ಎದೆಗೆ ಹಿಡಿದು ನೆಟ್ಟಗೆ ನಿಂತ. "ಯಾವ ಎಣ್ಣಿ ಅಂತ ಕೇಳತೀನ್ರಿ."

"ಜೋರ್ ಸೇ."

"ಯಾವ ಎಣ್ಣಿ?"

ವ್ಯಾನುಗಳು ದಾರಿ ಬಿಟ್ಟವು. ಬೀಗ ಗೋಡೆಯ ಮೊಳೆಗೇ ಉಳಿಯಿತು. ಬೆಳವಣಕಿಯ ಮೂರು ವ್ಯಾನುಗಳ ಟ್ಯಾಂಕು ತೊಳೆದು, ಹೊಸ ಪ್ಲಗ್ಗು ಹಾಕಿ, ಗಜೇಂದ್ರಗಡದ ಏರಿಗೆ ಜೋರಾಗಿ ಹತ್ತಿಸಿ ಇಳಿಸಿದೆ. ಜೇನುಹುಟ್ಟು ಚೆನ್ನಾಗಿ ಕಾದು ಒಳಗಿನ ಜಿಡ್ಡು ಸುಟ್ಟು ತೂತು ಬಿಟ್ಟಿತು, ಮೂರೂ ಪಾಸಾದವು. ಯಲ್ಲಪ್ಪನದು ಮಾತ್ರ ಬೂದಿ ಕಟ್ಟಿ ಕೆಟ್ಟಿತ್ತು, ಹುಬ್ಬಳ್ಳಿಯಿಂದ ಹೊಸದನ್ನು ತರಿಸಬೇಕಾಯಿತು. ಅದನ್ನು ಸುಭೇದಾರರು ತಾವೇ ತಂದುಕೊಟ್ಟರು, ಕೊಡುವಾಗ ಅವನಿಗೆ ಎರಡು ಬೈದರು.

ಆ ಮಾತು ಆಮೇಲೆ ಪಂಪಿನಲ್ಲಿ ನಿಲ್ಲಲಿಲ್ಲ. ಕಿರಾಣಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಬೀಗರ ಮನೆಯ ಊಟದಲ್ಲಿ, ಎಣ್ಣೆ ಅಂದವರನ್ನೆಲ್ಲ ಜನ ಕೇಳತೊಡಗಿದರು. ಸಂಜೆ ಸಾರಾಯಿ ಗುತ್ತಿಗೆ ಅಂಗಡಿಯ ಕಡೆ ಹೊರಟವನು ಮಾತ್ರ, "ನೀ ಕೇಳಬ್ಯಾಡ ಬಿಡು," ಅನ್ನುತ್ತಿದ್ದ.

ಹುಡುಗರೇ, ಯಂತ್ರ ಸುಳ್ಳು ಹೇಳುವುದಿಲ್ಲ. ಆ ನಾಲ್ಕೂ ವ್ಯಾನುಗಳ ಬಗ್ಗೆ ನನ್ನ ಯಂತ್ರ ಖರೆಯನ್ನೇ ಹೇಳಿತ್ತು. ಆದರೆ ಪಂಪಿನ ಕಟ್ಟೆಯ ಮೇಲೆ ಯಾರು ಯಾರಿಗೆ ಏನು ಅಂದರು ಎಂಬುದು ಯಾವ ಪರದೆಯ ಮೇಲೂ ಬರುವುದಿಲ್ಲ. ಅದಕ್ಕೆ ಬೇವಿನ ಗಿಡದ ಕೆಳಗೆ ಒಂದು ಮುಂಜಾನೆ ಕೂಡಬೇಕಾಗುತ್ತದೆ.

ನಾನು ಗ್ಯಾರೇಜು ಬಿಟ್ಟು ಕೆಲವು ವರ್ಷಗಳಾದವು. ಸುಭೇದಾರರು ಈಗಿಲ್ಲ, ಪಂಪು ಇದೆ. ನಿಂಗಪ್ಪ ಹಲ್ಲು ಕಳೆದುಕೊಂಡಿದ್ದಾನೆ, ಆದರೂ ಬೆಳಗಿನ ಹೊತ್ತು ಹೋಗಿ ನಿಲ್ಲುತ್ತಾನೆ. ಬೇಡ ಅಂದರೆ ಕೇಳುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಜೈನಬಿ ಒಬ್ಬಳು. ಕೇಳುವ ಕಿವಿ ಒಂದು, ಕೇಳದ್ದು ಒಂದು. ಉಸ್ತಾದರ ಪಾನಾ ಒಂದು. ಯಲ್ಲಪ್ಪನ ಹಳೆಯ ಜೇನುಹುಟ್ಟು ಒಂದು, ಕಿಟಕಿಯಲ್ಲಿ. ಸೋಸುವ ಕಾಗದ ಮೂರು: ಒಂದು ಖಾಲಿ, ಒಂದರಲ್ಲಿ ಕಂಡೂ ಕಾಣದ ನೀಲಿ, ಒಂದರಲ್ಲಿ ಇನ್ನೂ ಆರದ ಕಲೆ ಎರಡು. ಮತ್ತು ಒಂದು ಹಳೆಯ ಸ್ಕೂಟರ್, ಪೆಟ್ರೋಲಿನ ಜೊತೆ ಆಯಿಲ್ ಬೇಡುವ ಕಾಲದ್ದು. ಅದನ್ನು ಪಂಪಿಗೆ ಒಯ್ದು ನಿಲ್ಲಿಸಿದರೆ ನಿಂಗಪ್ಪ ನನ್ನನ್ನೂ ಬಿಡುವುದಿಲ್ಲ.

"ಯಾವ ಎಣ್ಣಿ, ಮಿಸ್ತ್ರಿ?"

"ಎರಡೂ," ಅನ್ನುತ್ತೇನೆ.